ಕಲ್ಲಿನ ಮೇಲೆ ನೀರು

ಕಲ್ಲಿನ ವಿಷಯದಲ್ಲಿ ನಮ್ಮ ನುಡಿ ಅಷ್ಟೇನೂ ಉದಾರವಾಗಿ ನಡೆದುಕೊಂಡಿಲ್ಲ. ದಯೆಯಿಲ್ಲದವನದು ಕಲ್ಲೆದೆ, ಬದುಕಿಗೆ ಅಡ್ಡ ಬಂದವನು ಅನ್ನಕ್ಕೆ ಕಲ್ಲು ಹಾಕಿದವನು, ಎಷ್ಟು ಹೇಳಿದರೂ ತಿಳಿಯದವನಿಗೆ ಬುದ್ಧಿ ಹೇಳುವುದು ಕಲ್ಲಿನ ಮೇಲೆ ಮಳೆ ಸುರಿದಂತೆ. ಈ ಕೊನೆಯ ಮಾತನ್ನು ಅಧ್ಯಾಪಕವೃತ್ತಿಯಲ್ಲಿರುವ ನಾನು, ಪರೀಕ್ಷೆಯ ಉತ್ತರಪತ್ರಿಕೆಗಳು ಬರುವ ಕಾಲದಲ್ಲಿ, ದಿನಕ್ಕೆರಡು ಬಾರಿಯಾದರೂ ಕೇಳುತ್ತೇನೆ. ಆದರೆ ಕಳೆದ ಕೆಲವು ವರ್ಷಗಳಿಂದ ಕಲ್ಲಿನ ಮೇಲೆ ನೀರು ಸುರಿಯುವುದೇ ನನ್ನ ಬಿಡುವಿನ ವೇಳೆಯ ಉದ್ಯೋಗವಾಗಿರುವುದರಿಂದ ಸಹೋದ್ಯೋಗಿಗಳಂತೆ ಆ ಗಾದೆಗೆ ತಲೆದೂಗುವುದು ನನ್ನಿಂದಾಗದು. ಒರೆಗೆ ಹಚ್ಚುವುದು, ಸಾಣೆ ಹಿಡಿಯುವುದು ಎಂಬ ಎರಡು ಮಾತುಗಳಲ್ಲಿ ಮಾತ್ರ ಕನ್ನಡವು ಕಲ್ಲಿಗೆ ಕೊಂಚ ಮರ್ಯಾದೆ ತೋರಿದೆ. ಅಕ್ಕಸಾಲಿಗರು ಚಿನ್ನವನ್ನು ಉಜ್ಜಿ ನೋಡುವ ಕಪ್ಪು ಒರೆಗಲ್ಲುಗಳಲ್ಲಿ ಒಂದು ಬಗೆಯು, ನಾನೀಗ ಹೇಳಹೊರಟಿರುವ ಜ್ಯಾಸ್ಪರ್ ಶಿಲೆಯ ಹತ್ತಿರದ ನೆಂಟ. ಇದು ತಿಳಿದ ದಿನ, ಕನ್ನಡ ಎಂ.ಎ. ಓದಿದವನು ಕಲ್ಲಿನ ಹಿಂದೆ ಬೀಳಬಹುದೆಂಬುದಕ್ಕೆ ಹಕ್ಕುಪತ್ರವೇ ದೊರೆತಂತೆ ನನಗೆ ಸಂತೋಷವಾಯಿತು.

ನಾನಿರುವುದು ಹೊಸಪೇಟೆಯಲ್ಲಿ. ಊರಿನ ದಕ್ಷಿಣಕ್ಕೆ ಸಂಡೂರಿನ ಬೆಟ್ಟಸಾಲು. ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆಯೆಂಬುದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು; ಅದರ ಕಾರಣವಾಗಿ ನಡೆದ ಗದ್ದಲವೂ ಗೊತ್ತು. ಆ ಅದಿರಿನ ಜೊತೆಯಲ್ಲಿಯೇ ಕೆಂಪು ಪಟ್ಟಿ, ಉಕ್ಕಿನ ಬಣ್ಣದ ಪಟ್ಟಿ, ಮತ್ತೆ ಕೆಂಪು ಪಟ್ಟಿ ಎಂದು ಇಳಕಲ್ ಸೀರೆಯ ಅಂಚಿನಂತೆ ಗೆರೆಗೆರೆಯಾಗಿ ಬೆಳೆದ ಶಿಲೆಯೊಂದಿದೆಯೆಂಬುದನ್ನು ಮಾತ್ರ ಹೆಚ್ಚು ಜನ ಗಮನಿಸಿಲ್ಲ. ನಾನು ಗಮನಿಸಿದ್ದೂ ಮಳೆಯ ದೆಸೆಯಿಂದ. ರಸ್ತೆಯನ್ನು ಅಗಲ ಮಾಡುವುದಕ್ಕಾಗಿ ಬದಿಯಲ್ಲಿ ಕಲ್ಲು ಒಟ್ಟಿದ್ದರು. ದಿನವೂ ಆ ರಾಶಿಯ ಪಕ್ಕದಲ್ಲಿಯೇ ಬಸ್ಸು ಹೋಗುತ್ತಿತ್ತು. ಧೂಳು ಮುಚ್ಚಿದ ಬೂದುಬಣ್ಣದ ಕಲ್ಲು, ನೋಡುವಂಥದ್ದೇನೂ ಇರಲಿಲ್ಲ. ಆಷಾಢದ ಒಂದು ಸಂಜೆ ಹತ್ತು ನಿಮಿಷದ ಜಡಿಮಳೆ ಬಂತು. ಬಸ್ಸು ಅಲ್ಲಿಗೆ ಬಂದಾಗ ರಾಶಿಗೆ ರಾಶಿಯೇ ಕುಂಕುಮದ ಭರಣಿಯನ್ನು ಬೋರಲು ಹಾಕಿದಂತೆ ಕೆಂಪಗೆ ಹೊಳೆಯುತ್ತಿತ್ತು. ಮರುದಿನ ಗುತ್ತಿಗೆದಾರರ ಮೇಸ್ತ್ರಿಯನ್ನು ಕೇಳಿ ನಾಲ್ಕು ಕಲ್ಲು ತಂದೆ. ‘ಜಲ್ಲಿ ಬೇಕೇನ್ರೀ, ಮನೆ ಕಟ್ಟಿಸ್ತೀರಾ?’ ಎಂದು ಆತ ಕೇಳಿದ. ನಾಲ್ಕೇ ಕಲ್ಲು ಸಾಕೆಂದಾಗ ಆತನ ಮುಖದಲ್ಲಿ ಮೂಡಿದ ಅನುಕಂಪ ನನಗೆ ಇನ್ನೂ ನೆನಪಿದೆ.

ಕಾಲೇಜಿನ ಭೂವಿಜ್ಞಾನದ ಮಿತ್ರರು ಆ ಕಲ್ಲಿಗೆ ಹೆಸರಿಟ್ಟುಕೊಟ್ಟರು. ಜ್ಯಾಸ್ಪರ್ ಎಂದರೆ ಮೂಲತಃ ಬೆಣಚುಕಲ್ಲೇ. ಆದರೆ ಬೆಣಚಿನ ಹರಳುಗಳು ಇದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವಾಗಿ, ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ಅವುಗಳ ನಡುವೆ ಕಬ್ಬಿಣದ ಆಕ್ಸೈಡು ಮೊದಲಾದ ಪರವಸ್ತುಗಳು ಸೇರಿ ಬೆಳಕು ಹಾಯದಂತೆ ತಡೆದು ಬಣ್ಣ ಕೊಡುತ್ತವೆ. ಹೆಮಟೈಟ್ ಬೆರೆತರೆ ಕೆಂಪು, ಗೋಥೈಟ್ ಬೆರೆತರೆ ಅರಿಸಿನದ ಹಳದಿ, ಕ್ಲೋರೈಟಿನಂಥ ಖನಿಜ ಬೆರೆತರೆ ಹಸಿರು. ಇದೇ ಬಳಗದಲ್ಲಿ ಬೆಳಕು ಹಾಯುವಂತಿದ್ದು ಗೆರೆಗಳುಳ್ಳದ್ದಾದರೆ ಅದು ಅಗೇಟ್. ಸಂಡೂರು, ಚಿತ್ರದುರ್ಗ, ಬಾಬಾಬುಡನ್ ಸಾಲುಗಳ ಪಟ್ಟೆ ಜ್ಯಾಸ್ಪರು 250 ಕೋಟಿ ವರ್ಷಗಳಿಗೂ ಹಿಂದೆ ಕಡಲತಳದಲ್ಲಿ ಸಿಲಿಕವೂ ಕಬ್ಬಿಣವೂ ಪದರಪದರವಾಗಿ ಕುಳಿತು ಆದದ್ದು. ವಿಜಯಪುರದ ಕಡೆ ಕೃಷ್ಣಾ, ಭೀಮಾ ನದಿಗಳ ಪಾತ್ರದಲ್ಲಿ ಸಿಗುವ ಬೆಣಚುಹರಳುಗಳ ಕಥೆಯೇ ಬೇರೆ. ಅವು ದಖನ್ನಿನ ಲಾವಾಶಿಲೆಯ ಬಿರುಕುಗಳಲ್ಲಿಯೂ ಪೊಳ್ಳುಗಳಲ್ಲಿಯೂ ಬೆಳೆದು, ಶಿಲೆ ಸವೆದಾಗ ಹೊರಬಿದ್ದು ಹೊಳೆಗೆ ಸೇರಿದವು. ಆ ಲಾವಾ ಹರಿದು ಸುಮಾರು 6.6 ಕೋಟಿ ವರ್ಷವಾಯಿತು. ಸಂಡೂರಿನ ಕಲ್ಲಿನ ಮುಂದೆ ಅದಿನ್ನೂ ತೊಟ್ಟಿಲ ಕೂಸು.

ಅಮೆರಿಕದಲ್ಲಿ ಈ ಹುಚ್ಚು ಹಿಡಿದವರಿಗೆ ‘ರಾಕ್‌ಹೌಂಡ್’ ಎಂದು ಹೆಸರು. ವಾಸನೆ ಹಿಡಿದು ಕಲ್ಲಿನ ಬೆನ್ನಟ್ಟುವ ಬೇಟೆನಾಯಿ ಎಂದು ಅರ್ಥ. ಅವರು ಇದನ್ನು ಬಿರುದೆಂದೇ ತಿಳಿದು ಸಂತೋಷಪಡುತ್ತಾರೆ. ಅಲ್ಲಿಯ ಆರೆಗಾನ್ ರಾಜ್ಯವು ‘ಥಂಡರ್‌ಎಗ್’ ಎಂಬ ಗುಂಡುಕಲ್ಲನ್ನು, ಒಡೆದರೆ ಒಳಗೆ ಅಗೇಟೋ ಜ್ಯಾಸ್ಪರೋ ಇರುವ ‘ಗುಡುಗಿನ ಮೊಟ್ಟೆ’ಯನ್ನು, 1965ರಲ್ಲಿ ತನ್ನ ರಾಜ್ಯಶಿಲೆಯಾಗಿ ಆರಿಸಿಕೊಂಡಿತು. ಕಲ್ಲಾಗಿ ಮಾರ್ಪಟ್ಟ ಪುರಾತನ ಮರವನ್ನು ಅಲ್ಲಿಯ ಸರ್ಕಾರಿ ಬಯಲುಗಳಿಂದ ಒಬ್ಬರು ದಿನಕ್ಕೆ 25 ಪೌಂಡು, ವರ್ಷಕ್ಕೆ 250 ಪೌಂಡು ಮೀರದಂತೆ ಸ್ವಂತ ಉಪಯೋಗಕ್ಕೆ ತರಬಹುದೆಂಬ ನಿಯಮವಿದೆ. ನಮ್ಮ ಪಡಿತರ ಚೀಟಿಯಂತೆ ಲೆಕ್ಕ ನಿಖರ. ನಮ್ಮಲ್ಲಿ ಹವ್ಯಾಸಿಗಳಿಗೆಂದು ಅಂಥ ಅಳತೆಯೇನೂ ಇಲ್ಲ. ಇರುವ ನೆಲವೆಲ್ಲ ರೈತರದು, ಅರಣ್ಯದ್ದು, ಇಲ್ಲವೇ ಗಣಿ ಗುತ್ತಿಗೆಯದು. ಅರಣ್ಯದ ಮತ್ತು ಗಣಿಯ ಗಡಿಯೊಳಗೆ ನಾನು ಕಾಲಿಡುವುದಿಲ್ಲ. ಹೊಲದ ಬದುವಿನಲ್ಲಿ ಕಲ್ಲು ಆಯುವ ಮುನ್ನ ಹೊಲದವರನ್ನು ಕೇಳುತ್ತೇನೆ. ಕೇಳಿದರೆ ಬೇಡವೆಂದವರು ಇದುವರೆಗೆ ಒಬ್ಬರೂ ಇಲ್ಲ. ಹೊಲದ ಕಲ್ಲೆಲ್ಲ ಹೊತ್ತೊಯ್ಯುವ ಮೇಷ್ಟ್ರು ವರ್ಷಕ್ಕೊಬ್ಬರಾದರೂ ಬರಲಿ ಎಂದು ಹಾರೈಸಿದವರುಂಟು.

ಇನ್ನೊಂದು ಎಚ್ಚರವೂ ಬೇಕು. ಜ್ಯಾಸ್ಪರಿನ ಮೇಲೆ ಕಣ್ಣು ಹಾಕಿದವರಲ್ಲಿ ನಾವು ಮೊದಲಿಗರಲ್ಲ. ಅಶೋಕನ ಶಾಸನಕ್ಕೆ ಹೆಸರಾದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ ಜ್ಯಾಸ್ಪರು, ಅಗೇಟು ಮುಂತಾದ ಕಲ್ಲುಗಳಿಂದ ಮಾಡಿದ ಬೆರಳುದ್ದಕ್ಕೂ ಕಡಿಮೆಯ ಸಣ್ಣ ಆಯುಧಗಳು ದೊರೆತವು. ಈ ಕಲ್ಲು ಗಾಜಿನಂತೆ ಚಿಪ್ಪುಚಿಪ್ಪಾಗಿ ಒಡೆಯುತ್ತದೆ. ಅಂಚು ಕತ್ತಿಯಂತೆ ಹರಿತವಾಗುತ್ತದೆ. ಆದುದರಿಂದ ಹೊಲದಲ್ಲಿ ಸಿಕ್ಕ ಚೂರಿನ ಒಂದು ಮಗ್ಗುಲಲ್ಲಿ ಪೆಟ್ಟು ಬಿದ್ದ ಕಡೆ ಸಣ್ಣ ಉಬ್ಬು, ಬೆನ್ನಿನಲ್ಲಿ ಒಂದೇ ಸಮನಾದ ಉದ್ದನೆಯ ಗೆರೆಗಳು ಕಂಡರೆ ಅದು ನನ್ನ ಸೊತ್ತಲ್ಲ. ಬಿದ್ದಲ್ಲಿಯೇ ಬಿಟ್ಟು, ಇತಿಹಾಸ ವಿಭಾಗದವರಿಗೆ ತಿಳಿಸುತ್ತೇನೆ. ಹಾಗೆ ಬಿಟ್ಟು ಬಂದದ್ದು ಎರಡು ಸಲ. ಎರಡು ಸಲವೂ ಮನೆಗೆ ಬರುವ ತನಕ ಕೈ ತುರಿಸುತ್ತಿದ್ದುದನ್ನು ಮುಚ್ಚಿಡುವುದೇಕೆ?

ಕಲ್ಲು ಆಯುವುದಕ್ಕೆ ಬೇಕಾದ ಸಾಮಗ್ರಿ ಬಲು ಅಲ್ಪ: ಒಂದು ನೀರಿನ ಬಾಟಲಿ, ಒಂದು ಚಾಕು. ಒಣಗಿದ ಕಲ್ಲಿನ ಮೈ ಒರಟಾಗಿರುವುದರಿಂದ ಬೆಳಕು ಅಲ್ಲಿ ದಿಕ್ಕಾಪಾಲಾಗಿ ಚೆದರಿ ಬೂದು ಕಾಣುತ್ತದೆ. ನೀರು ಆ ಒರಟನ್ನು ತುಂಬಿದಾಗ ಒಳಗಿನ ಬಣ್ಣ ಮೇಲೆ ಬರುತ್ತದೆ. ಮೆರುಗು ಕೊಟ್ಟ ಮೇಲೆ ಕಲ್ಲು ಹೇಗಿರುತ್ತದೆಂಬುದರ ಮುನ್ಸೂಚನೆ ಅದು. ಈ ಕಾರಣದಿಂದಲೇ ಹೊಳೆಯಲ್ಲಿ ನಿಂತಾಗ ಪ್ರತಿಯೊಂದು ಕಲ್ಲೂ ರತ್ನ. ಚೀಲ ತುಂಬಿ ಮನೆಗೆ ತಂದು ಸುರಿದಾಗ ಮುಕ್ಕಾಲು ಪಾಲು ಜಲ್ಲಿ. ಚಾಕುವಿನಿಂದ ಗೀರಿದರೆ ಜ್ಯಾಸ್ಪರಿಗೆ ಗಾಯವಾಗುವುದಿಲ್ಲ, ಬದಲಿಗೆ ಚಾಕುವಿನ ಲೋಹವೇ ಕಲ್ಲಿನ ಮೇಲೆ ಗೆರೆಯಾಗಿ ಉಳಿಯುತ್ತದೆ. ಒಳಬಿರುಕನ್ನು ಕಂಡುಹಿಡಿಯುವುದಕ್ಕೂ ನೀರೇ ಬೇಕು. ನೆನೆಸಿದ ಕಲ್ಲನ್ನು ಒರೆಸಿ ಬಿಸಿಲಿಗೆ ಹಿಡಿದರೆ ಉಳಿದ ಮೈಯೆಲ್ಲ ಆರಿದರೂ ಬಿರುಕಿನ ಜಾಡು ಮಾತ್ರ ಕಪ್ಪಗೆ ಒಂದು ಗಳಿಗೆ ಉಳಿಯುತ್ತದೆ. ಅಂಥ ಕಲ್ಲನ್ನು ಎಷ್ಟೇ ಚೆಲುವಿದ್ದರೂ ಅಲ್ಲೇ ಬಿಡಬೇಕು. ಗರಗಸದ ಅಡಿಯಲ್ಲಿ ಅದು ಎರಡು ಹೋಳಾಗುತ್ತದೆ.

ಇಲ್ಲಿಯವರೆಗಿನದು ವಿನೋದದ ಮಾತಾಯಿತು. ಕಲ್ಲು ಕೊಯ್ಯುವ ಯಂತ್ರವನ್ನು ಮನೆಗೆ ತಂದ ದಿನ ವಿನೋದ ಕೊಂಚ ಹಿಂದೆ ಸರಿಯಿತು.

ಯಂತ್ರವೆಂದರೆ ದೊಡ್ಡದೇನಲ್ಲ, ಗ್ರಾನೈಟ್ ಕೆಲಸದವರು ಬಳಸುವ ವಜ್ರದ ಅಂಚಿನ ಚಕ್ರ, ಒಂದು ಮೋಟಾರು, ಕೆಳಗೆ ತಗಡಿನ ತೊಟ್ಟಿ. ನನ್ನ ಹೆಂಡತಿ ‘ಏನ್ರೀ ಇದು?’ ಎಂದು ಕೇಳಿ ನಕ್ಕಳು. ನಮ್ಮ ತಾಯಿ ನಗಲಿಲ್ಲ. ಯಂತ್ರವನ್ನು ಒಂದು ಸುತ್ತು ಬಂದು ನೋಡಿ, ಇದು ತಿರುಗುವಾಗ ಕಲ್ಲಿನ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಆ ಪ್ರಶ್ನೆ ಎಲ್ಲಿಂದ ಬಂತೆಂಬುದು ನನಗೆ ತಿಳಿದಿತ್ತು.

ಅವರ ತಮ್ಮ, ಎಂದರೆ ನನ್ನ ಸೋದರಮಾವ, ಇಪ್ಪತ್ತು ವರ್ಷಗಳ ಕಾಲ ಕಲ್ಲುಗಣಿಯೊಂದರಲ್ಲಿ ಕುಳಿ ಕೊರೆಯುವ ಕೆಲಸದಲ್ಲಿದ್ದರು. ಒಣ ಕಲ್ಲಿಗೆ ಒಣ ಬೈರಿಗೆ. ರಜೆಯಲ್ಲಿ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೆ ಕೂಡ ಬಿಳಿಯ ಪುಡಿ ಇರುತ್ತಿತ್ತು. ‘ಮಾವ ಮುದುಕರಾಗಿದ್ದಾರೆ’ ಎಂದು ನಾವು ಹುಡುಗರು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಮುಂದೆ ಕೆಮ್ಮು ಬಂತು. ಎಲ್ಲರೂ ಕ್ಷಯವೆಂದರು. ಹತ್ತಿರದ ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆಗಳನ್ನೇ ಎರಡು ಸಲ ಪೂರ್ತಿಯಾಗಿ ಕೊಟ್ಟರು. ನಮ್ಮ ಮನೆಯ ಮುಂದಿನ ಮೂರು ಮೆಟ್ಟಿಲು ಹತ್ತಿ, ಪಡಸಾಲೆಯ ಕಂಬವನ್ನು ಹಿಡಿದುಕೊಂಡು, ನಾನು ತಂದುಕೊಟ್ಟ ನೀರಿನ ಲೋಟವನ್ನು ಕುಡಿಯಲಾರದೆ ಬಹಳ ಹೊತ್ತು ಕೈಯಲ್ಲಿಯೇ ಇಟ್ಟುಕೊಂಡಿರುತ್ತಿದ್ದರು. ಕೊನೆಗೆ ದೂರದ ದೊಡ್ಡ ಆಸ್ಪತ್ರೆಯೊಂದರ ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ‘ನೀವು ಏನು ಕೆಲಸ ಮಾಡುತ್ತಿದ್ದಿರಿ?’ ಎಂದು ಕೇಳಿದರಂತೆ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾವ 2004ರಲ್ಲಿ, 46ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ರೋಗದ ಹೆಸರು ಸಿಲಿಕೋಸಿಸ್. ಬೆಣಚು ಯಾವ ಕಲ್ಲಿನಲ್ಲಿ ಹೆಚ್ಚಾಗಿದೆಯೋ ಆ ಕಲ್ಲಿನ ಪುಡಿ ಅದನ್ನು ತರುತ್ತದೆ. ಜ್ಯಾಸ್ಪರಾದರೋ ಬಹುಪಾಲು ಬೆಣಚೇ. ಕಣ್ಣಿಗೆ ಕಾಣುವ ಧೂಳು ಮೂಗಿನಲ್ಲಿ, ಗಂಟಲಿನಲ್ಲಿ ನಿಂತುಬಿಡುತ್ತದೆ. ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಸಣ್ಣದಾದ, ಕಣ್ಣಿಗೆ ಕಾಣದ ಪುಡಿ ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಇಳಿಯುತ್ತದೆ. ದೇಹ ಅದನ್ನು ಕರಗಿಸಲಾರದು, ಹೊರಹಾಕಲಾರದು. ಸುತ್ತಲೂ ಗಾಯದ ಕಲೆಯಂಥ ಗಡಸು ಅಂಗಾಂಶವನ್ನು ಬೆಳೆಸುತ್ತದೆ. ಹಾಗೆ ಗಡಸಾದ ಭಾಗ ಮತ್ತೆ ಉಸಿರಾಡುವುದಿಲ್ಲ, ಮತ್ತು ಇದನ್ನು ಹಿಂದಿರುಗಿಸುವ ಔಷಧಿಯೂ ಇಲ್ಲ. ಇಂಥ ಶ್ವಾಸಕೋಶಕ್ಕೆ ಕ್ಷಯವೂ ಸುಲಭವಾಗಿ ಅಂಟುವುದರಿಂದ ಒಂದನ್ನು ಕಂಡು ಇನ್ನೊಂದೆಂದು ತಿಳಿಯುವುದೂ ಉಂಟು.

‘ಕಲ್ಲು ಎಷ್ಟು ಬೇಕಾದರೂ ತಂದುಕೋ. ಧೂಳು ಮಾತ್ರ ಈ ಮನೆಯೊಳಗೆ ಬರಕೂಡದು’ ಎಂದರು ನಮ್ಮ ತಾಯಿ. ಮಾತು ಅಲ್ಲಿಗೆ ಮುಗಿಯಿತು. ಯಂತ್ರ ಹಿತ್ತಲಿಗೆ ಹೋಯಿತು. ಮೇಲೊಂದು ನೀರಿನ ಡಬ್ಬ ನೇತುಬಿದ್ದಿತು. ಅದರಿಂದ ಹನಿಯುವ ನೀರು ಚಕ್ರದ ಅಂಚಿಗೆ ಬಿದ್ದು, ಹುಟ್ಟಿದ ಪುಡಿಯನ್ನು ಹುಟ್ಟಿದಲ್ಲಿಯೇ ಕೆಸರು ಮಾಡಿ ತೊಟ್ಟಿಗೆ ಇಳಿಸುತ್ತದೆ. ಒಲೆ ಹೊತ್ತಿಸುವ ಮುನ್ನ ಎಸರಿಗೆ ನೀರಿಟ್ಟಂತೆ, ಮೊದಲು ನೀರು, ಆಮೇಲೆ ಕರೆಂಟು ಎಂಬುದು ನಮ್ಮ ಹಿತ್ತಲಿನ ಶಾಸನ. ನೀರೂ ವಿದ್ಯುತ್ತೂ ಒಂದೆಡೆ ಸೇರುವ ಕೆಲಸವಾದ್ದರಿಂದ ವಿದ್ಯುತ್ ಸೋರಿದೊಡನೆ ಕಡಿದುಹಾಕುವ ಸ್ವಿಚ್ಚನ್ನೂ ಹಾಕಿಸಿದ್ದೇನೆ. ಇಷ್ಟಾದರೂ ನಾನು ಕೆಲಸಕ್ಕೆ ಕುಳಿತಾಗ ತಾಯಿ ಬಾಗಿಲ ಬಳಿ ಅಕ್ಕಿ ಆರಿಸುವ ನೆಪದಲ್ಲಿ ಕೂಡುತ್ತಾರೆ. ನೀರಿನ ಹನಿ ನಿಂತರೆ ನನಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.

ಇನ್ನು ಕೆಲಸದ ಮಾತು. ಗರಗಸವೆಂದರೂ ಅದಕ್ಕೆ ಹಲ್ಲುಗಳಿಲ್ಲ. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ವಿದ್ವಾಂಸರು 1812ರಲ್ಲಿ ಖನಿಜಗಳ ಗಡಸುತನಕ್ಕೆ ಒಂದರಿಂದ ಹತ್ತರವರೆಗೆ ಒಂದು ಏಣಿ ಕಟ್ಟಿದರು. ಅದರಲ್ಲಿ ಚಾಕುವಿನ ಉಕ್ಕು ಐದೂವರೆಯ ಆಸುಪಾಸು, ಜ್ಯಾಸ್ಪರು ಏಳರ ಹತ್ತಿರ. ಮೆಟ್ಟಿಲಲ್ಲಿ ಕೆಳಗಿರುವುದು ಮೇಲಿರುವುದನ್ನು ಗೀರಲಾರದು. ಆದುದರಿಂದ ಕತ್ತರಿಸುವ ಚಕ್ರದ ಅಂಚಿನಲ್ಲಿ ಹತ್ತನೆಯ ಮೆಟ್ಟಿಲಿನ ವಜ್ರದ ಪುಡಿಯನ್ನು ಹುದುಗಿಸಿರುತ್ತಾರೆ. ಅದು ಕಲ್ಲನ್ನು ಕೊಯ್ಯುವುದಿಲ್ಲ, ತೇಯುತ್ತ ತೇಯುತ್ತ ಒಳಗಿಳಿಯುತ್ತದೆ. ಒಂಬತ್ತನೆಯ ಮೆಟ್ಟಿಲಿನಲ್ಲಿರುವ ಖನಿಜಕ್ಕೆ ಜಗತ್ತೆಲ್ಲ ‘ಕೊರಂಡಮ್’ ಎನ್ನುತ್ತದೆ. ಅದು ಬೇರೇನಲ್ಲ, ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ. ಸಾಣೆಕಲ್ಲಿನ ಪುಡಿಯ ಜೊತೆಯಲ್ಲಿ ನಮ್ಮ ಕಡೆಯ ಮಾತೂ ಹಡಗು ಹತ್ತಿತೆಂಬುದು ಭಾಷಾಶಾಸ್ತ್ರದ ತರಗತಿಯಲ್ಲಿ ನಾನು ತಪ್ಪದೆ ಹೇಳುವ ಸಂಗತಿ. ಈಗ ಆ ಸ್ಥಾನವನ್ನು 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ತಯಾರಿಸಿದ ಸಿಲಿಕಾನ್ ಕಾರ್ಬೈಡು ಬಹುಮಟ್ಟಿಗೆ ಆಕ್ರಮಿಸಿದೆ.

ಮೊದಲ ಕೊಯ್ತದ ಕುತೂಹಲವೇ ಬೇರೆ. ಹಲಸಿನ ಹಣ್ಣಿನ ಹೊರಗಿನ ಮುಳ್ಳನ್ನು ನೋಡಿ ಒಳಗಿನ ತೊಳೆಯ ರುಚಿ ಹೇಳಬಲ್ಲವರುಂಟೇ? ಮುಷ್ಟಿಗಾತ್ರದ ಕಲ್ಲು ಎರಡಾಗುವುದಕ್ಕೆ ಹತ್ತಾರು ನಿಮಿಷ ಬೇಕು. ಹೋಳುಗಳನ್ನು ತೊಳೆದು ತಿರುಗಿಸಿದಾಗ ಒಮ್ಮೊಮ್ಮೆ ಬರಿಯ ಇಟ್ಟಿಗೆಯ ಕೆಂಪು. ಒಮ್ಮೊಮ್ಮೆ, ಎಂದೋ ಬಿರಿದು, ಜಾರಿ, ಮತ್ತೆ ಬಿಳಿಯ ಬೆಣಚಿನಿಂದ ಬೆಸೆದುಕೊಂಡ ಪದರಗಳು. ಹಾಗೆ ಜಾರಿದ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದರೆ ಯಾವುದೋ ಭೂಕಂಪದ ತಾರೀಖನ್ನು ಮುಟ್ಟಿದಂತೆ. ಹೋಳಿನಿಂದ ಆರು ಮಿಲಿಮೀಟರು ದಪ್ಪದ ಹಲಗೆ ಕೊಯ್ದು, ಅದರ ಮೇಲೆ ಅಚ್ಚಿಟ್ಟು, ನೀರಿಗೆ ಅಳಿಯದಂತೆ ಅಲ್ಯುಮಿನಿಯಮ್ ಕಡ್ಡಿಯಿಂದ ಮೊಟ್ಟೆಯಾಕಾರ ಬರೆಯುತ್ತೇನೆ. ಯಾವ ಭಾಗವನ್ನು ಆ ಅಚ್ಚಿನೊಳಗೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿಯೇ ಅರ್ಧ ಕೆಲಸವಿದೆ. ಉಳಿದರ್ಧ ತಾಳ್ಮೆ.

ಬಿಲ್ಲೆಯನ್ನು ಕರಗಿಸಿದ ಅರಗಿನಿಂದ ಒಂದು ಕಡ್ಡಿಯ ತುದಿಗೆ ಅಂಟಿಸಿ ತೇಯಲು ತೊಡಗಬೇಕು. ಪುಡಿಗಳಿಗೆ 80, 220, 400, 600, 1200 ಎಂದು ನಂಬರುಗಳಿವೆ. ನಮ್ಮ ಓದುಗ ಮಹಿಳೆಯರು ಇದನ್ನು ಕೂಡಲೇ ಅರ್ಥಮಾಡಿಕೊಂಡಾರು: ಒಂದಂಗುಲದ ಜರಡಿಯಲ್ಲಿ ಎಷ್ಟು ಕಣ್ಣುಗಳು ಎಂಬ ಲೆಕ್ಕದಿಂದ ಹುಟ್ಟಿದ ನಂಬರು ಅದು. ಹೋಲಿಕೆಗೆ ಹೇಳುವುದಾದರೆ 80 ಉಪ್ಪಿಟ್ಟಿನ ರವೆ, 220 ಚಿರೋಟಿ ರವೆ, 600 ಮೈದಾ. ಪ್ರತಿಯೊಂದು ಪುಡಿಯೂ ಹಿಂದಿನದು ಮಾಡಿದ ಗೀರುಗಳನ್ನು ಅಳಿಸಿ ತನ್ನ ಸಣ್ಣ ಗೀರುಗಳನ್ನು ಬಿಡುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಲ್ಲು, ಕೈ, ಉಗುರಿನ ಸಂದು, ತೊಟ್ಟಿ ಎಲ್ಲವನ್ನೂ ತೊಳೆಯಬೇಕು. 80ರ ಒಂದೇ ಒಂದು ಕಣ 1200ರ ಹಂತದಲ್ಲಿ ಸಿಕ್ಕಿಕೊಂಡರೆ ಸಂಜೆಯ ಶ್ರಮವೆಲ್ಲ ನೀರುಪಾಲು. ನಮ್ಮ ಮನೆಯಲ್ಲಿ ಮಡಿಯ ಕಲ್ಪನೆ ನನಗೆ ನಿಜವಾಗಿ ಹಿಡಿದದ್ದು ಹಿತ್ತಲಿನ ಈ ತೊಟ್ಟಿಯ ಬಳಿಯಲ್ಲಿಯೇ.

ಗುಮ್ಮಟದ ಆಕಾರ ಸರಿಬಂದಿತೇ ಇಲ್ಲವೇ ಎಂದು ತಿಳಿಯಲು ಟ್ಯೂಬ್‌ಲೈಟಿನ ಕೆಳಗೆ ಬಿಲ್ಲೆಯನ್ನು ಮೆಲ್ಲನೆ ಹೊರಳಿಸುತ್ತೇನೆ. ಬೆಳಕಿನ ಗೆರೆ ಹರಿಯುವ ನೀರಿನಂತೆ ಸಾಗಿದರೆ ಸರಿ. ಎಲ್ಲಾದರೂ ತಡೆದು ಜಿಗಿದರೆ ಅಲ್ಲೊಂದು ಚಪ್ಪಟೆ ಉಳಿದಿದೆ. ಕೊನೆಗೆ ಚರ್ಮದ ಬಿಲ್ಲೆಯ ಮೇಲೆ ಸೀರಿಯಮ್ ಆಕ್ಸೈಡನ್ನು ನೀರಿನಲ್ಲಿ ಕಲಸಿ ಉಜ್ಜಿದಾಗ, ಅದುವರೆಗೆ ಒಣಗಿದೊಡನೆ ಮಬ್ಬಾಗುತ್ತಿದ್ದ ಕಲ್ಲು ಒಣಗಿದ ಮೇಲೂ ನೆನೆದಂತೆಯೇ ಉಳಿಯುತ್ತದೆ. ಮೆರುಗು ಎಂದರೆ ಇಷ್ಟೆ: ಆಷಾಢದ ಆ ಹತ್ತು ನಿಮಿಷದ ಮಳೆ ಇನ್ನು ಆರದಂತೆ ಮಾಡುವುದು. ಸಂಡೂರಿನ ಕಲ್ಲಿಗೆ ಮಾತ್ರ ಒಂದು ತಕರಾರಿದೆ. ಅದರ ಉಕ್ಕುಬಣ್ಣದ ಪಟ್ಟಿ ಕೆಂಪು ಪಟ್ಟಿಗಿಂತ ಮೆತು. ಬೆರಳು ಜೋರಾಗಿ ಒತ್ತಿದರೆ ಮೆತ್ತಗಿನದು ಬೇಗ ಸವೆದು ಕಾಲುವೆಯಾಗುತ್ತದೆ, ಗಡಸು ಬದುವಾಗಿ ನಿಲ್ಲುತ್ತದೆ. ಅಂಗಡಿಯ ಅವಸರಕ್ಕೆ ಈ ಕಲ್ಲು ಒಗ್ಗದು. ಹಗುರವಾಗಿ, ಬಹಳ ಹೊತ್ತು ಉಜ್ಜುವವರಿಗೆ ಮಾತ್ರ ಅದು ಎರಡು ಬಣ್ಣದಲ್ಲಿಯೂ ಸಮನಾಗಿ ಹೊಳೆಯುತ್ತದೆ.

ಒಂದು ದಿನ ನನ್ನ ಹೆಂಡತಿ ಜಾತ್ರೆಯಲ್ಲಿ ಕೊಂಡು ತಂದ ಮಣಿಸರವೊಂದನ್ನು ಅತ್ತೆಗೆ ತೋರಿಸಿದಳು. ಕೆಂಪು, ಹಸಿರು, ಕಂದು ಬಣ್ಣದ ಜ್ಯಾಸ್ಪರು, ಅಗೇಟುಗಳ ಸರ. ಬೆಲೆ ಮಾತ್ರ ಒಂದು ಊಟದ ಬೆಲೆ. ಒಂದು ಬಿಲ್ಲೆಗೆ ಮೂರು ಸಂಜೆ ತಗಲುವುದನ್ನು ಬಾಗಿಲಲ್ಲಿ ಕುಳಿತು ನೋಡಿದ್ದ ನಮ್ಮ ತಾಯಿ ಮಣಿಗಳನ್ನು ಒಂದೊಂದಾಗಿ ಎಣಿಸಿದರು. ಐವತ್ತೆಂಟಿದ್ದವು. ‘ಇಷ್ಟು ಕಡಿಮೆ ದುಡ್ಡಿಗೆ ಇದನ್ನು ಯಾರು ಉಜ್ಜಿದರು?’ ಎಂದು ನನ್ನನ್ನು ಕೇಳಿದರು.

ಉಜ್ಜಿದವರ ಊರು ಗುಜರಾತಿನ ಖಂಭಾತ್ ಇರಬಹುದು ಎಂದೆ. 2023ರ ಡಿಸೆಂಬರಿನಲ್ಲಿ ವಡೋದರಾಕ್ಕೆ ಹೋಗುವ ಕಾರ್ಯ ಬಂದಾಗ ಒಂದು ದಿನ ಉಳಿಸಿಕೊಂಡು ಆ ಊರನ್ನೂ ನೋಡಿ ಬಂದೆ. ಅಕೀಕ್ ಎಂದು ಅಲ್ಲಿಯವರು ಕರೆಯುವ ಈ ಕಲ್ಲುಗಳ ಕೆಲಸಕ್ಕೆ ಆ ಪ್ರದೇಶದಲ್ಲಿ ನಾಲ್ಕು ಸಾವಿರ ವರ್ಷಗಳ ಇತಿಹಾಸವಿದೆ. ಸಿಂಧೂ ನಾಗರಿಕತೆಯ ಲೋಥಲ್‌ನಲ್ಲಿಯೂ ಮಣಿ ಮಾಡುವವರ ಕಾರ್ಯಾಗಾರ ದೊರೆತಿದೆ. ನೆಲದಲ್ಲಿ ಓರೆಯಾಗಿ ನೆಟ್ಟ ಕಬ್ಬಿಣದ ಮೊಳೆಯ ತುದಿಗೆ ಕಲ್ಲನ್ನು ಒಡ್ಡಿ, ಎಮ್ಮೆಯ ಕೊಂಬಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಬೇಡದ ಚಕ್ಕೆಗಳನ್ನು ಹಾರಿಸುವ ಕೈಗಳನ್ನು ನೋಡುವುದೇ ಒಂದು ಭಾಗ್ಯ. ನಾನು ಗರಗಸದಿಂದ ಅರ್ಧ ಗಂಟೆ ಮಾಡುವುದನ್ನು ಅವರು ಎಂಟು ಪೆಟ್ಟಿನಲ್ಲಿ ಮುಗಿಸುತ್ತಾರೆ. ಹಿಂದೆ ಮಣಿಗಳನ್ನು ತೊಗಲಿನ ಚೀಲದಲ್ಲಿ ಕುರುಂದದ ಪುಡಿಯೊಡನೆ ತುಂಬಿ ಇಬ್ಬರು ಎದುರುಬದುರು ಕುಳಿತು ದಿನಗಟ್ಟಲೆ ಉರುಳಾಡಿಸುತ್ತಿದ್ದರು. ಆ ಕೆಲಸವನ್ನು ಈಗ ಪೀಪಾಯಿಗಳು ಮಾಡುತ್ತವೆ.

ತೇಯುವ ಕೋಣೆ ಬೇರೆಯಿತ್ತು. ಅಲ್ಲಿ ಚಕ್ರ ಒಣಗಿತ್ತು. ಕಲ್ಲು ತಾಗಿದಾಗಲೆಲ್ಲ ಬಿಳಿಯ ಹೊಗೆಯಂತೆ ಏಳುತ್ತಿದ್ದ ಪುಡಿ ಕಿಟಕಿಯ ಬಿಸಿಲುಕೋಲಿನಲ್ಲಿ ಕೆಳಗಿಳಿಯದೆ ತೇಲುತ್ತಿತ್ತು. ಚಕ್ರದ ಮುಂದೆ ಕುಳಿತಿದ್ದವನಿಗೆ ನನ್ನದೇ ವಯಸ್ಸು, ಹುಬ್ಬು ಬೆಳ್ಳಗಿತ್ತು. ಮೂಗಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನು ಸರಿಸಿ ನನ್ನೊಡನೆ ಹಿಂದಿಯಲ್ಲಿ ಮಾತನಾಡಿದ. ನೀರು ಹನಿಸಿಕೊಂಡು ಮಾಡಬಾರದೇ ಎಂದು ಕೇಳಿದೆ. ‘ಮಾಡಬಹುದು. ನಿಧಾನವಾಗುತ್ತದೆ. ಎಣಿಕೆಯ ಮೇಲೆ ಕೂಲಿ’ ಎಂದ. ನನ್ನ ಉದ್ಯೋಗವೇನೆಂದು ಆತ ವಿಚಾರಿಸಿದ. ಪಾಠ ಹೇಳುತ್ತೇನೆ, ಮನೆಯಲ್ಲಿ ಹೀಗೆಯೇ ಕಲ್ಲನ್ನೂ ಉಜ್ಜುತ್ತೇನೆ ಎಂದೆ. ‘ಎಷ್ಟು ಕೊಡುತ್ತಾರೆ?’ ಎಂದು ಕೇಳಿದ. ಯಾರೂ ಏನೂ ಕೊಡುವುದಿಲ್ಲ ಎಂದಾಗ ಆತ ಚಕ್ರವನ್ನು ನಿಲ್ಲಿಸಿ, ‘ಮತ್ತೆ ಯಾಕೆ?’ ಎಂದ. ಆ ಪ್ರಶ್ನೆಗೆ ಹಿಂದಿಯಲ್ಲಿ ಉತ್ತರ ಹೊಳೆಯಲಿಲ್ಲವೆಂದು ಆಗ ಸಮಾಧಾನ ಮಾಡಿಕೊಂಡೆ. ಕನ್ನಡದಲ್ಲಿಯೂ ಇನ್ನೂ ಹೊಳೆದಿಲ್ಲ.

ಖಂಭಾತಿನ ಅಕೀಕ್ ಕೆಲಸಗಾರರ ಸಿಲಿಕೋಸಿಸ್ ಗುಟ್ಟಿನ ವಿಷಯವಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವೈದ್ಯರು ಅದನ್ನು ಪರೀಕ್ಷಿಸಿ ಬರೆದಿದ್ದಾರೆ. ಚಕ್ರದ ಮುಂದೆ ಕೂರದೆ ಬರಿಯ ಅಕ್ಕಪಕ್ಕದಲ್ಲಿ ವಾಸಿಸುವವರ ಎದೆಗೂ ಆ ಧೂಳು ಇಳಿದಿರುವುದನ್ನು ಕಂಡಿದ್ದಾರೆ. ಧೂಳನ್ನು ಹೀರುವ ಸಾಧನವನ್ನೂ ಸೂಚಿಸಿದ್ದಾರೆ. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯೇ ಈ ರೋಗವನ್ನು, ಕಂಡೊಡನೆ ಸರ್ಕಾರಕ್ಕೆ ತಿಳಿಸಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಆದರೆ ಮನೆಯ ಜಗುಲಿಯ ಮೇಲೆ ಗಂಡ ತೇಯುತ್ತ, ಹೆಂಡತಿ ಆರಿಸುತ್ತ, ಮಗು ಪಕ್ಕದಲ್ಲಿ ಮಲಗಿರುವ ಜಾಗವನ್ನು ಕಾರ್ಖಾನೆಯೆಂದು ಯಾವ ಇನ್ಸ್‌ಪೆಕ್ಟರು ಬರೆದುಕೊಂಡಾನು? ಜರ್ಮನಿಯ ಈಡರ್-ಓಬರ್‌ಸ್ಟೈನ್ ಎಂಬ ಊರಿನಲ್ಲಿಯೂ ಅಗೇಟ್ ತೇಯುವವರು ಒಂದು ಕಾಲದಲ್ಲಿ ನೀರಿನ ಬಲದಿಂದ ತಿರುಗುವ ಆಳೆತ್ತರದ ಮರಳುಗಲ್ಲಿನ ಚಕ್ರದ ಮುಂದೆ, ಮಣೆಯ ಮೇಲೆ ಹೊಟ್ಟೆ ಒತ್ತಿ ಮಲಗಿ ದುಡಿಯುತ್ತಿದ್ದರು. ಆ ಹಳೆಯ ಗಿರಣಿಯೊಂದನ್ನು ಈಗ ಪ್ರವಾಸಿಗಳಿಗೆ ತೋರಿಸುತ್ತಾರೆ. ಖಂಭಾತಿನ ಚಕ್ರ ತೋರಿಕೆಯ ವಸ್ತುವಾಗಿಲ್ಲ. ನಾನು ಹೊರಟುಬಂದ ಮೇಲೆ ಅದು ಮತ್ತೆ ತಿರುಗಿರಬೇಕು.

ಊರಿಗೆ ಬಂದು ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ ಕೊರಳಿನ ಸರವನ್ನು ತೆಗೆದು ಮೇಜಿನ ಮೇಲಿಟ್ಟಳು. ನಾನೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ತಾಯಿ ಬಂದು ಅದನ್ನು ಕೈಗೆತ್ತಿಕೊಂಡು, ‘ಹಾಕಿಕೋ ತಾಯಿ. ಅವರು ಮಾಡಿದ್ದು ಯಾರಾದರೂ ಹಾಕಿಕೊಳ್ಳಲಿ ಎಂದೇ. ಪೆಟ್ಟಿಗೆಯೊಳಗೆ ಇಟ್ಟರೆ ಅವರ ಕೆಮ್ಮು ನಿಲ್ಲುತ್ತದೆಯೇ?’ ಎಂದು ಸೊಸೆಯ ಕೊರಳಿಗೆ ತಾವೇ ಹಾಕಿದರು. ಅವಳು ಅದನ್ನು ಈಗಲೂ ಹಾಕಿಕೊಳ್ಳುತ್ತಾಳೆ. ಎಲ್ಲಿ ಕೊಂಡಿರಿ ಎಂದು ಯಾರಾದರೂ ಕೇಳಿದರೆ ಅಂಗಡಿಯ ಹೆಸರು ಹೇಳುವುದಿಲ್ಲ. ಖಂಭಾತಿನ ಕಥೆಯನ್ನು ಹೇಳುತ್ತಾಳೆ. ಕೇಳಿದವರಲ್ಲಿ ಕೆಲವರು ಮಾತು ಬದಲಿಸುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಮಾತ್ರ, ತನ್ನ ಅಣ್ಣ ಗ್ರಾನೈಟ್ ಕಾರ್ಖಾನೆಯಲ್ಲಿ ಒಣ ಚಕ್ರ ಹಿಡಿಯುತ್ತಾನೆಂದು ಹೇಳಿ, ಯಾವ ವೈದ್ಯರ ಬಳಿಗೆ ಹೋಗಬೇಕೆಂದು ಕೇಳಿದಳು. ಶ್ವಾಸಕೋಶದ ತಜ್ಞರಲ್ಲಿಗೆ ಕಳುಹಿಸಿ, ಹೋದೊಡನೆ ಮೊದಲು ಕೆಲಸವೇನೆಂದು ತಾನಾಗಿಯೇ ಹೇಳಬೇಕೆಂದು ತಿಳಿಸಿದೆ.

ಇದನ್ನು ಬರೆಯುತ್ತಿರುವಾಗ ಹಿತ್ತಲಿನಲ್ಲಿ ರಬ್ಬರಿನ ಪೀಪಾಯಿಯೊಂದು ಉರುಳುತ್ತಿದೆ. ಬಿಲ್ಲೆಗೆ ಒದಗದ ಸಣ್ಣ ಹರಳುಗಳನ್ನು ಮುಕ್ಕಾಲು ಭಾಗ ತುಂಬಿ, ಪುಡಿಯೂ ನೀರೂ ಸೇರಿಸಿ ಮುಚ್ಚಿದರೆ ಹೊಳೆ ಸಾವಿರ ವರ್ಷಗಳಲ್ಲಿ ಮಾಡುವುದನ್ನು ಅದು ತಿಂಗಳೊಂದರಲ್ಲಿ ಮಾಡುತ್ತದೆ. ಒರಟು ಪುಡಿಯಲ್ಲಿ ಒಂದು ವಾರ, ನಡುವಿನದರಲ್ಲಿ ಒಂದು ವಾರ ಕಳೆದು ಈಗ 500ರ ಪುಡಿಯ ಮೂರನೆಯ ವಾರ. ಮೊದಲ ಎರಡು ರಾತ್ರಿ ಅದರ ಸದ್ದಿಗೆ ನಿದ್ರೆ ಬರಲಿಲ್ಲ. ಈಗ ಕರೆಂಟು ಹೋಗಿ ಅದು ನಿಂತರೆ ಎಚ್ಚರವಾಗುತ್ತದೆ. ಗುರುವಾರ ಮುಚ್ಚಳ ತೆರೆಯಬೇಕು. ಒಳಗಿನ ಕೆಸರನ್ನು ಬಚ್ಚಲಿಗೆ ಸುರಿಯುವಂತಿಲ್ಲ, ಕೊಳವೆಯಲ್ಲಿ ಗಟ್ಟಿಯಾಗುತ್ತದೆ. ಬಿಸಿಲಿಗೆ ಬಿಡುವಂತಿಲ್ಲ, ಒಣಗಿದರೆ ಮತ್ತೆ ಧೂಳು. ಹಸಿಯಾಗಿರುವಾಗಲೇ ಹಿತ್ತಲ ಮೂಲೆಯ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಬೇಕು. ನಮ್ಮ ತಾಯಿ ಅದಕ್ಕೆಂದು ಹಳೆಯ ಬಕೀಟೊಂದಕ್ಕೆ ಅರ್ಧ ನೀರು ತುಂಬಿ ಇಂದೇ ಪೀಪಾಯಿಯ ಪಕ್ಕದಲ್ಲಿ ತಂದಿಟ್ಟಿದ್ದಾರೆ.